ಕಟ್ಟಡಗಳ ವಿದ್ಯುತ್ ನಕ್ಷೆ ರಚನೆ: ಕಂಪಲಾಪುರ ಸೀಮೆಯ ನಿದರ್ಶನದೊಂದಿಗೆ

ಕಟ್ಟಡವೊಂದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಹರಿದು ಎಲ್ಲಿ ಕವಲೊಡೆಯುತ್ತದೆ, ಅಪಾಯ ಬಂದಾಗ ಎಲ್ಲಿ ತಾನಾಗಿ ಕಡಿತವಾಗುತ್ತದೆ ಎಂಬುದನ್ನು ಅಳತೆ ಮತ್ತು ಸಂಕೇತಗಳಲ್ಲಿ ತೋರಿಸುವ ವಿದ್ಯೆಯೇ ವಿದ್ಯುತ್ ನಕ್ಷೆ ರಚನೆ. ಕೆಲಸದ ಜಾಗದಲ್ಲಿ ಇದನ್ನು ಎಲೆಕ್ಟ್ರಿಕಲ್ ಡ್ರಾಯಿಂಗ್ ಎನ್ನುತ್ತಾರೆ. ಮನೆ ಕಟ್ಟುವವರು ಸಾಮಾನ್ಯವಾಗಿ ಕೋಣೆ, ಬಾಗಿಲು, ಕಿಟಕಿಗಳ ಪ್ಲಾನ್ ಮಾಡಿಸುತ್ತಾರೆ. ಕಂಬಿ ಕಟ್ಟುವುದಕ್ಕೂ ಎಂಜಿನಿಯರರ ನಕ್ಷೆ ಇರುತ್ತದೆ. ವಿದ್ಯುತ್ ಕೆಲಸ ಮಾತ್ರ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಇವತ್ತಿಗೂ ಬಹುಪಾಲು ಬಾಯಿಮಾತಿನಲ್ಲೇ ನಡೆಯುತ್ತದೆ. ಪೈಪುಗಳು ತಾರಸಿಯ ಕಾಂಕ್ರೀಟಿನೊಳಗೆ, ವೈರುಗಳು ಗಾರೆಯ ಹಿಂದೆ ಮರೆಯಾದ ಮೇಲೆ ಅವುಗಳ ಜಾಡು ಹೇಳಬಲ್ಲದ್ದು ನಕ್ಷೆ ಒಂದೇ. ಆದ್ದರಿಂದ ಈ ಕೌಶಲವು ಕಟ್ಟಡದ ಸುರಕ್ಷತೆಗೂ ವೆಚ್ಚಕ್ಕೂ ದುರಸ್ತಿಗೂ ತಳಹದಿ.

ಕಂಪಲಾಪುರವು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಊರು. ಮೈಸೂರಿನಿಂದ ಮಡಿಕೇರಿಯತ್ತ ಹೋಗುವ ಹೆದ್ದಾರಿಯಲ್ಲಿ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇದೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿಂದಾಗಿ ಸುತ್ತಲ ರೈತರಿಗೆ ಪರಿಚಿತ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ಸೇರಿದ ಈ ಸೀಮೆಯಲ್ಲಿ ಹೆಂಚಿನ ಮನೆ, ಆರ್‌ಸಿಸಿ ಮನೆ, ತಂಬಾಕು ಒಣಗಿಸುವ ಬ್ಯಾರನ್, ಅಕ್ಕಿ ಗಿರಣಿ, ಕಲ್ಯಾಣ ಮಂಟಪ, ಮಠ, ಶಾಲೆ ಎಲ್ಲವೂ ಇವೆ. ಒಂದೊಂದು ಬಗೆಯ ಕಟ್ಟಡವೂ ನಕ್ಷೆ ಬರೆಯುವವರ ಮುಂದೆ ಬೇರೆ ಬೇರೆ ಪ್ರಶ್ನೆ ಇಡುವುದರಿಂದ ಈ ವಿಷಯದ ಅಧ್ಯಯನಕ್ಕೆ ಇದು ಒಳ್ಳೆಯ ನಿದರ್ಶನ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಚರಿತ್ರೆ ಕಾವೇರಿಯೊಂದಿಗೇ ಆರಂಭವಾಗುತ್ತದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ, 1908ರಲ್ಲಿ ಮೈಸೂರಿನಲ್ಲಿ ವಿದ್ಯುತ್ ದೀಪ ಬೆಳಗಿತು. ಆಗ ಕಟ್ಟಡಗಳ ಒಳಗಿನ ವೈರಿಂಗ್ ಕಣ್ಣಿಗೆ ಕಾಣುವಂತೆ ಗೋಡೆಯ ಮೇಲೆಯೇ ಇರುತ್ತಿತ್ತು. ಪಿಂಗಾಣಿ ಹಿಡಿಕೆಗಳ ಮೇಲೆ ಎಳೆದ ತಂತಿ, ಮರದ ಕೇಸಿಂಗ್ ಪಟ್ಟಿಯೊಳಗಿನ ತಂತಿ, ಆಮೇಲೆ ಮರದ ಪಟ್ಟಿಗೆ ಕ್ಲಿಪ್ ಹೊಡೆದು ಕೂರಿಸಿದ ತಂತಿ, ಹೀಗೆ ಪದ್ಧತಿಗಳು ಬದಲಾದವು. ಹಳೆಯ ಹೆಂಚಿನ ಮನೆಗಳಲ್ಲಿ ತೊಲೆಯ ಉದ್ದಕ್ಕೂ ಸಾಗುವ ಅಂಥ ಪಟ್ಟಿಗಳನ್ನು ಈಗಲೂ ಕಾಣಬಹುದು. ಎಲ್ಲಿ ಕೆಟ್ಟಿದೆ ಎಂದು ಕಣ್ಣಲ್ಲೇ ಹುಡುಕಬಹುದಾಗಿದ್ದ ಕಾಲ ಅದು.

ಆರ್‌ಸಿಸಿ ತಾರಸಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಪಿವಿಸಿ ಪೈಪುಗಳನ್ನು ಮೋಲ್ಡ್ ಹಾಕುವ ಮೊದಲೇ ಕಂಬಿಗಳ ನಡುವೆ ಕಟ್ಟಬೇಕು. ಫ್ಯಾನ್ ಬಾಕ್ಸ್, ಜಂಕ್ಷನ್ ಬಾಕ್ಸುಗಳನ್ನು ಸೆಂಟ್ರಿಂಗ್ ಹಲಗೆಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸಬೇಕು. ಕಾಂಕ್ರೀಟು ಬಿದ್ದ ಮೇಲೆ ತಪ್ಪು ತಿದ್ದಬೇಕೆಂದರೆ ಒಡೆಯಬೇಕು. ವೈರಿಂಗ್ ಗೋಡೆಯೊಳಗೆ ಹೋದಂದಿನಿಂದ, ಕೈಕೆಲಸಕ್ಕೆ ಮುಂಚೆಯೇ ಯೋಚನೆ ಮುಗಿದಿರಬೇಕಾದ ಅಗತ್ಯ ಹುಟ್ಟಿತು. ನಕ್ಷೆಯ ಮಹತ್ವ ಹೆಚ್ಚಿದ್ದು ಹೀಗೆ.

ಆಡಳಿತದ ಚೌಕಟ್ಟೂ ಇದೇ ಅವಧಿಯಲ್ಲಿ ರೂಪುಗೊಂಡಿತು. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. 1999ರಲ್ಲಿ ಅದರ ಜಾಗದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂತು. 2002ರಲ್ಲಿ ವಿತರಣಾ ಕಂಪನಿಗಳು ಬೇರೆಯಾದವು. ಮೈಸೂರು ಕೇಂದ್ರವಾಗಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಜನರ ಬಾಯಲ್ಲಿ ಸೆಸ್ಕ್, 2005ರಿಂದ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ, ಕೊಡಗು ಪ್ರದೇಶಕ್ಕೆ ವಿದ್ಯುತ್ ಪೂರೈಸುತ್ತಿದೆ. ಕಂಪಲಾಪುರದ ಸೀಮೆಯೂ ಇದರ ವ್ಯಾಪ್ತಿಯಲ್ಲಿದೆ.

ನಕ್ಷೆಗಳ ಬಗೆ

ಒಂದು ಕಟ್ಟಡಕ್ಕೆ ಒಂದೇ ವಿದ್ಯುತ್ ನಕ್ಷೆ ಸಾಲದು. ಚಿಕ್ಕ ಮನೆಗೆ ಎರಡು ಮೂರು ಹಾಳೆ ಸಾಕಾದರೆ ಆಸ್ಪತ್ರೆ ಅಥವಾ ಕಾಲೇಜು ಕಟ್ಟಡಕ್ಕೆ ಹತ್ತಾರು ಹಾಳೆ ಬೇಕಾಗುತ್ತವೆ. ಮುಖ್ಯ ಬಗೆಗಳು ಇವು:

ದೀಪ ಮತ್ತು ಫ್ಯಾನಿನ ವಿನ್ಯಾಸ ನಕ್ಷೆ. ಸಿವಿಲ್ ಪ್ಲಾನನ್ನು ಹಿನ್ನೆಲೆಯಲ್ಲಿ ತೆಳುಗೆರೆಯಲ್ಲಿಟ್ಟು ಅದರ ಮೇಲೆ ಯಾವ ಕೋಣೆಯಲ್ಲಿ ಎಷ್ಟು ಪಾಯಿಂಟು, ಯಾವ ಸ್ವಿಚ್ಚಿಗೆ ಯಾವ ದೀಪ ಎಂಬುದನ್ನು ದಪ್ಪಗೆರೆಯಲ್ಲಿ ಗುರುತಿಸುತ್ತಾರೆ.

ಪವರ್ ನಕ್ಷೆ. ಗೀಸರ್, ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್, ಸಂಪಿನ ಮೋಟಾರು ಮುಂತಾದವುಗಳ ಸಾಕೆಟ್ಟುಗಳ ಜಾಗ ಮತ್ತು ಎತ್ತರ ಇದರಲ್ಲಿರುತ್ತದೆ.

ಕಾಂಡ್ಯೂಟ್ ನಕ್ಷೆ. ತಾರಸಿಯಲ್ಲಿ ಮತ್ತು ಗೋಡೆಯಲ್ಲಿ ಪೈಪು ಹೋಗುವ ದಾರಿ, ಪೈಪಿನ ಗಾತ್ರ, ಅದರೊಳಗಿನ ವೈರುಗಳ ಸಂಖ್ಯೆಯನ್ನು ಹೇಳುತ್ತದೆ. ಮೋಲ್ಡ್ ಹಾಕುವ ದಿನ ಸೈಟಿನಲ್ಲಿ ಇರಲೇಬೇಕಾದ ಹಾಳೆ ಇದು.

ಏಕರೇಖಾ ಚಿತ್ರ. ಕಂಬದಿಂದ ಮೀಟರಿಗೆ, ಮೀಟರಿನಿಂದ ಮೇನ್ ಸ್ವಿಚ್ಚಿಗೆ, ಅಲ್ಲಿಂದ ಹಂಚಿಕೆ ಪೆಟ್ಟಿಗೆಯಾದ ಡಿಬಿಗೆ, ಡಿಬಿಯಿಂದ ಒಂದೊಂದು ಸರ್ಕ್ಯೂಟಿಗೆ ವಿದ್ಯುತ್ ಸಾಗುವ ಕ್ರಮವನ್ನು ಒಂದೇ ಗೆರೆಯ ಕವಲುಗಳಲ್ಲಿ ತೋರಿಸುತ್ತದೆ. ಮೂರು ಫೇಸಿನ ವ್ಯವಸ್ಥೆಯನ್ನೂ ಒಂದೇ ಗೆರೆಯಲ್ಲಿ ಬರೆದು, ಪಕ್ಕದಲ್ಲಿ ಎಂಸಿಬಿ (ಹೊರೆ ಮೀರಿದಾಗ ತಾನಾಗಿ ಬೀಳುವ ಸ್ವಿಚ್) ಮತ್ತು ಕೇಬಲ್ಲಿನ ವಿವರ ಕೊಡುತ್ತಾರೆ.

ಹೊರೆ ಪಟ್ಟಿ. ಪ್ರತಿ ಡಿಬಿಯ ಪ್ರತಿ ಸರ್ಕ್ಯೂಟಿನಲ್ಲಿರುವ ಪಾಯಿಂಟುಗಳು, ವ್ಯಾಟ್, ವೈರಿನ ಗಾತ್ರ, ಎಂಸಿಬಿಯ ಆಂಪಿಯರ್ ಇವುಗಳ ಕೋಷ್ಟಕ.

ಅರ್ಥಿಂಗ್ ಮತ್ತು ಸಿಡಿಲು ರಕ್ಷಣೆಯ ನಕ್ಷೆ. ಅರ್ಥ್ ಗುಂಡಿಗಳ ಜಾಗ, ಪಟ್ಟಿ ಹೋಗುವ ದಾರಿ, ಜೋಡಣೆಯ ವಿವರ ಇದರಲ್ಲಿರುತ್ತದೆ.

ಇವಲ್ಲದೆ ಸಿಸಿಟಿವಿ, ಬೆಂಕಿ ಎಚ್ಚರಿಕೆ, ಇಂಟರ್‌ನೆಟ್ ಕೇಬಲ್‌ಗಳಿಗೆ ಬೇರೆ ಹಾಳೆ ಬೇಕು. ಅವುಗಳ ಪೈಪನ್ನು ಪವರ್ ವೈರಿನ ಪೈಪಿನಿಂದ ಬೇರೆಯಾಗಿಡಬೇಕು. ಕೆಲಸ ಮುಗಿದ ಮೇಲೆ, ವಾಸ್ತವವಾಗಿ ಹೇಗೆ ಮಾಡಲಾಗಿದೆಯೋ ಹಾಗೆ ತಿದ್ದಿ ಬರೆದ ಅಂತಿಮ ನಕ್ಷೆ ಎಲ್ಲಕ್ಕಿಂತ ಅಮೂಲ್ಯ. ಹತ್ತು ವರ್ಷದ ಮೇಲೆ ಗೋಡೆಗೆ ಮೊಳೆ ಹೊಡೆಯುವವರಿಗೂ ಕೆಟ್ಟ ಸರ್ಕ್ಯೂಟ್ ಹುಡುಕುವವರಿಗೂ ದಾರಿ ತೋರುವುದು ಅದೇ. ಆದರೆ ಹೆಚ್ಚಾಗಿ ಬರೆಯದೆ ಬಿಟ್ಟುಬಿಡುವುದೂ ಅದನ್ನೇ.

ಸಂಕೇತ ಮತ್ತು ಶಿಸ್ತು

ನಕ್ಷೆಯ ಸಂಕೇತಗಳನ್ನು ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದೆ. ಐಎಸ್ 2032 ಮತ್ತು ಅನಂತರದ ಐಎಸ್ 12032 ಸರಣಿಯಲ್ಲಿ ದೀಪ, ಸ್ವಿಚ್, ಸಾಕೆಟ್, ಫ್ಯಾನ್, ಬೆಲ್, ಫ್ಯೂಸ್, ಮೋಟಾರುಗಳಿಗೆ ಚಿಹ್ನೆಗಳಿವೆ. ಅರ್ಥಿಂಗ್‌ಗೆ ಒಂದು ನಿಲುಗೆರೆ, ಅದರ ಕೆಳಗೆ ಒಂದಕ್ಕಿಂತ ಒಂದು ಚಿಕ್ಕದಾದ ಮೂರು ಅಡ್ಡಗೆರೆ. ದೀಪಕ್ಕೆ ವೃತ್ತದೊಳಗೆ ಗುಣಿಸುವ ಚಿಹ್ನೆ. ಕಚೇರಿಯಿಂದ ಕಚೇರಿಗೆ ಚಿಹ್ನೆಗಳು ತುಸು ಬದಲಾಗುವುದುಂಟು. ಆದ್ದರಿಂದ ಪ್ರತಿ ಹಾಳೆಯಲ್ಲೂ ಚಿಹ್ನೆಗಳ ಸೂಚಿ ಕಡ್ಡಾಯವಾಗಿ ಇರಬೇಕು.

ಆ ಸೂಚಿ ಕನ್ನಡದಲ್ಲೂ ಇರುವುದು ಈ ಸೀಮೆಯಲ್ಲಿ ತೀರಾ ಅಗತ್ಯ. ಪೈಪು ಕಟ್ಟುವವರು, ಗೋಡೆ ಕೊರೆಯುವವರು, ಗಾರೆ ಮೇಸ್ತ್ರಿ, ಮನೆಯ ಯಜಮಾನರು ಎಲ್ಲರೂ ನಕ್ಷೆ ಓದಬೇಕಾದವರೇ. ಯುನಿಕೋಡ್ ಅಕ್ಷರಗಳನ್ನು ಬಳಸಿ ಕಂಪ್ಯೂಟರ್ ನಕ್ಷೆಯಲ್ಲಿ ಕನ್ನಡ ಬರೆಯುವುದು ಈಗ ಕಷ್ಟವಲ್ಲ. ‘ಎರಡು ಕಡೆ ಸ್ವಿಚ್’, ‘ಯುಪಿಎಸ್ ಲೈನ್’, ‘ನೆಲದಿಂದ 1.3 ಮೀಟರ್’ ಎಂಬಂಥ ನಾಲ್ಕು ಮಾತು ಕನ್ನಡದಲ್ಲಿದ್ದರೆ ಸೈಟಿನಲ್ಲಿ ಆಗುವ ಎಷ್ಟೋ ತಪ್ಪು ನಿಲ್ಲುತ್ತದೆ.

ಹಾಳೆಯ ಗಾತ್ರಗಳಲ್ಲಿ ಎ1 (594 × 841 ಮಿ.ಮೀ.) ದೊಡ್ಡ ಕಟ್ಟಡಗಳಿಗೂ ಎ3 (297 × 420 ಮಿ.ಮೀ.) ಮನೆಗಳಿಗೂ ಹೆಚ್ಚು ಬಳಕೆಯಲ್ಲಿವೆ. ಪ್ರಮಾಣ ಸಾಮಾನ್ಯವಾಗಿ 1:100 ಅಥವಾ 1:50. ಬಲಗಡೆ ಕೆಳಮೂಲೆಯ ಶೀರ್ಷಿಕೆ ಚೌಕದಲ್ಲಿ ಕಟ್ಟಡದ ಹೆಸರು, ನಕ್ಷೆಯ ಸಂಖ್ಯೆ, ಪ್ರಮಾಣ, ದಿನಾಂಕ, ಬರೆದವರು ಮತ್ತು ಪರಿಶೀಲಿಸಿದವರ ಸಹಿ, ಪರಿಷ್ಕರಣೆಯ ಸಂಖ್ಯೆ ಇರಬೇಕು. ಪರಿಷ್ಕರಣೆಯ ಸಂಖ್ಯೆ ಇಲ್ಲದಿದ್ದರೆ ಹಳೆಯ ಹಾಳೆ ಹಿಡಿದು ಹೊಸ ತಾರಸಿಗೆ ಪೈಪು ಕಟ್ಟುವ ಅನಾಹುತ ನಡೆಯುತ್ತದೆ.

ಹೊರೆಯ ಲೆಕ್ಕ

ನಕ್ಷೆ ಬರೆಯುವುದೆಂದರೆ ಬರೀ ಗೆರೆ ಎಳೆಯುವುದಲ್ಲ. ಒಂದೊಂದು ಗೆರೆಯ ಹಿಂದೆಯೂ ಲೆಕ್ಕ ಇರಬೇಕು. ಭಾರತೀಯ ಪದ್ಧತಿಯಲ್ಲಿ ದೀಪ, ಫ್ಯಾನ್ ಮತ್ತು ಸಣ್ಣ ಸಾಕೆಟ್ಟುಗಳ ಒಂದು ಸರ್ಕ್ಯೂಟಿಗೆ 10 ಪಾಯಿಂಟು ಅಥವಾ 800 ವ್ಯಾಟ್ ಮಿತಿ ಎಂಬುದು ರೂಢಿಯ ನಿಯಮ. ಗೀಸರ್‌ನಂಥ ಪವರ್ ಸಾಕೆಟ್ಟುಗಳಿಗೆ ಬೇರೆ ಸರ್ಕ್ಯೂಟ್ ಬೇಕು.

ಎರಡು ಮಲಗುವ ಕೋಣೆಯ ಒಂದು ಮನೆಯನ್ನು ತೆಗೆದುಕೊಳ್ಳಬಹುದು. 10 ವ್ಯಾಟಿನ 15 ಎಲ್‌ಇಡಿ ದೀಪಗಳಿಗೆ 150 ವ್ಯಾಟ್, 75 ವ್ಯಾಟಿನ 4 ಫ್ಯಾನ್‌ಗಳಿಗೆ 300, ತಲಾ 100ರಂತೆ 8 ಸಣ್ಣ ಸಾಕೆಟ್ಟುಗಳಿಗೆ 800, ಫ್ರಿಜ್ 250, ಮಿಕ್ಸಿ 750, ಗೀಸರ್ 2,000, ಒಂದು ಎಚ್‌ಪಿ ಮೋಟಾರಿಗೆ ಸುಮಾರು 750. ಒಟ್ಟು 5,000 ವ್ಯಾಟ್. ದೀಪ, ಫ್ಯಾನ್, ಸಣ್ಣ ಸಾಕೆಟ್ ಸೇರಿ 1,250 ವ್ಯಾಟ್. ವ್ಯಾಟಿನ ಲೆಕ್ಕದಲ್ಲಿ ಎರಡು ಸರ್ಕ್ಯೂಟ್ ಸಾಕು. ಆದರೆ ಪಾಯಿಂಟುಗಳು 27 ಇರುವುದರಿಂದ ಮೂರು ಸರ್ಕ್ಯೂಟ್ ಬೇಕು. ಅಡುಗೆಮನೆ, ಗೀಸರ್, ಮೋಟಾರುಗಳಿಗೆ ಒಂದೊಂದು. ಮುಂದಿನ ಅಗತ್ಯಕ್ಕೆ ಒಂದೆರಡು ಖಾಲಿ. ಹೀಗೆ ಡಿಬಿಯಲ್ಲಿ ಕನಿಷ್ಠ ಎಂಟು ದಾರಿ ಇರಬೇಕೆಂಬುದು ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ.

ಎಲ್ಲ ಉಪಕರಣಗಳೂ ಒಟ್ಟಿಗೆ ನಡೆಯುವುದಿಲ್ಲ. ಶೇ. 60ರಷ್ಟು ಒಟ್ಟಿಗೆ ನಡೆದರೆ 3,000 ವ್ಯಾಟ್. 230 ವೋಲ್ಟ್, 0.9 ಪವರ್ ಫ್ಯಾಕ್ಟರ್ ಹಿಡಿದರೆ ಸುಮಾರು 14.5 ಆಂಪಿಯರ್. ಎಲ್ಲವೂ ನಡೆದರೆ ಸುಮಾರು 24 ಆಂಪಿಯರ್. ಸೆಸ್ಕ್‌ಗೆ ಅರ್ಜಿ ಹಾಕುವಾಗ ಎಷ್ಟು ಕಿಲೋವ್ಯಾಟ್ ಕೇಳಬೇಕು, ಮೇನ್ ಎಷ್ಟರದ್ದಿರಬೇಕು ಎಂಬ ನಿರ್ಧಾರ ಈ ಲೆಕ್ಕದಿಂದ ಬರುತ್ತದೆ.

ಹಳ್ಳಿಯ ಕಡೆ ವೋಲ್ಟೇಜ್ ಕುಸಿತದ ಲೆಕ್ಕ ಇನ್ನೂ ಮುಖ್ಯ. ಮನೆಯಿಂದ 100 ಮೀಟರ್ ದೂರದ ಬಾವಿಯ ಮೋಟಾರು 6 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ, ಹೋಗಿ ಬರುವ ದಾರಿ 200 ಮೀಟರ್. 1.5 ಚ.ಮಿ.ಮೀ. ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 13 ಓಮ್ ಪ್ರತಿರೋಧ, ಕುಸಿತ 15.6 ವೋಲ್ಟ್, ಅಂದರೆ ಶೇ. 6.8. ಅದೇ 2.5 ಚ.ಮಿ.ಮೀ. ವೈರಿನಲ್ಲಿ 9.6 ವೋಲ್ಟ್, ಶೇ. 4.2. ಶೇ. 5ರ ಒಳಗಿರಬೇಕೆಂಬ ಮಿತಿಗೆ ಮೊದಲನೆಯದು ಸೋಲುತ್ತದೆ, ಎರಡನೆಯದು ಗೆಲ್ಲುತ್ತದೆ. ಸಂಜೆ ಹೊತ್ತು ಊರಿನ ಲೈನಿನಲ್ಲೇ ವೋಲ್ಟೇಜ್ ಇಳಿದಿರುವಾಗ ತೆಳು ವೈರು ಹಾಕಿದ ಮೋಟಾರು ಬಿಸಿಯಾಗಿ ಸುಟ್ಟುಹೋಗುವುದಕ್ಕೆ ಕಾರಣ ಇಲ್ಲಿದೆ.

ರಕ್ಷಣೆ ಮತ್ತು ಅರ್ಥಿಂಗ್

ಎಂಸಿಬಿ ಇರುವುದು ಮುಖ್ಯವಾಗಿ ವೈರನ್ನು ಕಾಯಲು. ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸೋರಿಕೆಯ ಕರೆಂಟು ಆ ಮಟ್ಟ ಮುಟ್ಟುತ್ತಿದ್ದಂತೆ ಅದು ಸರ್ಕ್ಯೂಟನ್ನು ಕಡಿಯುತ್ತದೆ. ನಕ್ಷೆಯಲ್ಲಿ ಇದರ ಜಾಗವನ್ನು ಸರಿಯಾಗಿ ತೋರಿಸದೆ ಎಲ್ಲ ನ್ಯೂಟ್ರಲ್‌ಗಳನ್ನೂ ಒಂದೇ ಕಡೆ ಸೇರಿಸಿದರೆ ಅದು ಸುಮ್ಮಸುಮ್ಮನೆ ಬೀಳತೊಡಗುತ್ತದೆ. ಬೇಸತ್ತ ಮನೆಯವರು ಅದನ್ನೇ ತೆಗೆಸಿಬಿಡುತ್ತಾರೆ. ಸ್ವಿಚ್ ಯಾವಾಗಲೂ ಫೇಸ್ ಲೈನಿನಲ್ಲಿರಬೇಕು, ನ್ಯೂಟ್ರಲ್‌ನಲ್ಲಿ ಅಲ್ಲ. ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥ್‌ಗೆ ಎಂಬ ಬಣ್ಣದ ಕಟ್ಟುಪಾಡನ್ನು ನಕ್ಷೆಯ ಟಿಪ್ಪಣಿಯಲ್ಲಿ ಬರೆಯಬೇಕು.

ಅರ್ಥಿಂಗ್‌ಗೆ ಐಎಸ್ 3043 ಆಧಾರ. ಪೈಪ್ ಎಲೆಕ್ಟ್ರೋಡ್ ಕನಿಷ್ಠ 2.5 ಮೀಟರ್ ಉದ್ದ ಇರಬೇಕು, ಗುಂಡಿ ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರ ಇರಬೇಕು. ಬೇಸಿಗೆಯಲ್ಲಿ ಕೆಂಪು ಮಣ್ಣು ಒಣಗಿದಾಗ ಪ್ರತಿರೋಧ ಏರುತ್ತದೆ. ಆದ್ದರಿಂದ ನೀರು ಹಾಕಲು ಅನುಕೂಲವಾಗುವ, ವಾಹನ ಹತ್ತದ ಜಾಗವನ್ನು ನಕ್ಷೆಯಲ್ಲೇ ಮೀಸಲಿಡಬೇಕು. ಅಂಗಳಕ್ಕೆ ಟೈಲ್ಸ್ ಹಾಕಿದ ಮೇಲೆ ಅರ್ಥ್ ಗುಂಡಿಗೆ ಜಾಗ ಹುಡುಕುವುದು ಈ ಸೀಮೆಯಲ್ಲಿ ದಿನನಿತ್ಯದ ದೃಶ್ಯ.

ಜನರೇಟರ್ ಇರುವ ಕಡೆ ಬದಲಿ ಸ್ವಿಚ್ ಕಡ್ಡಾಯ. ಅದಿಲ್ಲದೆ ಜೋಡಿಸಿದರೆ ಜನರೇಟರಿನ ಕರೆಂಟು ಹಿಮ್ಮುಖವಾಗಿ ಲೈನಿಗೆ ಹರಿದು ಟ್ರಾನ್ಸ್‌ಫಾರ್ಮರ್ ಆರಿಸಿ ಕಂಬ ಹತ್ತಿದ ಲೈನ್‌ಮನ್ನನ ಪ್ರಾಣಕ್ಕೇ ಎರವಾಗುತ್ತದೆ. ಏಕರೇಖಾ ಚಿತ್ರದಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ಬೇಕಿಲ್ಲ.

ಕಾಯಿದೆ ಮತ್ತು ಮಾನಕಗಳು

ವಿದ್ಯುತ್ ಕಾಯಿದೆ 2003ರ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ವಿನಿಯಮಗಳನ್ನು ಹೊರಡಿಸಿತು. 2023ರಲ್ಲಿ ಅವುಗಳ ಜಾಗದಲ್ಲಿ ಹೊಸ ವಿನಿಯಮಗಳು ಬಂದವು. ರಾಜ್ಯದಲ್ಲಿ ಇವುಗಳ ಪಾಲನೆಯನ್ನು ನೋಡಿಕೊಳ್ಳುವುದು ಮುಖ್ಯ ವಿದ್ಯುತ್ ಪರಿವೀಕ್ಷಕರ ಕೈಕೆಳಗಿನ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಹೈಟೆನ್ಷನ್ ಸಂಪರ್ಕ ಮತ್ತು 15 ಮೀಟರಿಗಿಂತ ಎತ್ತರದ ಕಟ್ಟಡಗಳು ವಿಶೇಷವಾಗಿ ಪರಿವೀಕ್ಷಣೆಯ ವ್ಯಾಪ್ತಿಗೆ ಬರುತ್ತವೆ. ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರು, ಅರ್ಹತಾ ಪ್ರಮಾಣಪತ್ರ ಪಡೆದ ಮೇಲ್ವಿಚಾರಕರ ಕಣ್ಗಾವಲಿನಲ್ಲಿ ಮಾಡಬೇಕು. ನಕ್ಷೆ ಬರೆಯಲು ಬಂದ ಮಾತ್ರಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ ಎಂಬುದನ್ನು ಕಲಿಯುವವರು ಮೊದಲೇ ತಿಳಿದಿರಬೇಕು.

ನಿವೇಶನದ ಮೇಲೆ ಅಥವಾ ಪಕ್ಕದಲ್ಲಿ ಲೈನ್ ಹಾದುಹೋಗಿದ್ದರೆ ನಕ್ಷೆಯ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಮನೆಗಳಿಗೆ ಪೂರೈಸುವ ಸಾಮಾನ್ಯ ಲೈನ್ ತಾರಸಿಯಿಂದ ಕನಿಷ್ಠ 2.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ 1.2 ಮೀಟರ್ ದೂರದಲ್ಲಿರಬೇಕು. 11 ಕಿಲೋವೋಲ್ಟ್ ಲೈನಿಗೆ ಎತ್ತರ 3.7 ಮೀಟರ್, ದೂರ 1.2 ಮೀಟರ್. ಒಂದಂತಸ್ತಿನ ಮನೆಗೆ ಸರಿಯಿದ್ದ ಅಂತರ ಎರಡನೇ ಅಂತಸ್ತು ಏರಿಸಿದಾಗ ಇಲ್ಲವಾಗುತ್ತದೆ. ಬಟ್ಟೆ ಒಣಗಿಸಲು, ಕಬ್ಬಿಣದ ಕಂಬಿ ಎತ್ತಲು ಹೋದವರು ಪ್ರಾಣ ಕಳೆದುಕೊಳ್ಳುವುದು ಇಂಥ ಕಡೆಯೇ. ಸೈಟ್ ನಕ್ಷೆಯಲ್ಲಿ ಕಂಬ ಮತ್ತು ಲೈನನ್ನು ಗುರುತಿಸುವುದು ಆದ್ದರಿಂದ ಜೀವ ಉಳಿಸುವ ಕೆಲಸ.

ಕಲಿಯುವವರು ಕೈಯಳತೆಯಲ್ಲಿಟ್ಟುಕೊಳ್ಳಬೇಕಾದ ಮಾನಕಗಳಲ್ಲಿ ವೈರಿಂಗ್‌ಗೆ ಐಎಸ್ 732, ವೈರಿಗೆ ಐಎಸ್ 694, ವಸತಿ ಕಟ್ಟಡಗಳ ವಿನ್ಯಾಸಕ್ಕೆ ಐಎಸ್ 4648 ಮುಖ್ಯ. 1985ರಲ್ಲಿ ಮೊದಲು ಹೊರಬಂದು 2011 ಮತ್ತು 2023ರಲ್ಲಿ ಪರಿಷ್ಕರಣೆಗೊಂಡ ರಾಷ್ಟ್ರೀಯ ವಿದ್ಯುತ್ ಸಂಹಿತೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೇ ಭಾಗ ಇವೂ ಬೇಕು. ಮಾನಕಗಳನ್ನು ಬ್ಯೂರೋದ ಜಾಲತಾಣದಲ್ಲಿ ನೋಂದಣಿ ಮಾಡಿಕೊಂಡು ಪಡೆಯಬಹುದು.

ಕಂಪಲಾಪುರ ಸೀಮೆಯ ಕಟ್ಟಡಗಳು

ತಂಬಾಕಿನ ಬ್ಯಾರನ್ ಈ ಸೀಮೆಯ ವಿಶಿಷ್ಟ ಕಟ್ಟಡ. ಎಲೆಯ ದಂಟು ಒಣಗಿಸುವ ಕೊನೆಯ ಹಂತದಲ್ಲಿ ಒಳಗಿನ ಶಾಖ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಾಳುವ ಮಿತಿಯೂ 70 ಡಿಗ್ರಿಯೇ. ಆದ್ದರಿಂದ ಬ್ಯಾರನ್ನಿನ ನಕ್ಷೆಯಲ್ಲಿ ವೈರು, ಸ್ವಿಚ್, ಡಿಬಿ ಎಲ್ಲವೂ ಹೊರಗೋಡೆಯ ಮೇಲೆ, ಒಲೆಯ ಬಾಯಿಂದ ದೂರ ಇರಬೇಕು. ಒಳಗೆ ಬೆಳಕು ಬೇಕಿದ್ದರೆ ಹೆಚ್ಚು ಶಾಖ ತಾಳುವ ಹೊದಿಕೆಯ ಕೇಬಲ್ ಸೂಚಿಸಬೇಕು.

ಕೆ.ಆರ್. ನಗರದ ಕಡೆ ಕಾವೇರಿ ನೀರಿನ ಭತ್ತದ ಗದ್ದೆಗಳಿವೆ, ಅಕ್ಕಿ ಗಿರಣಿಗಳಿವೆ. ಗಿರಣಿಯೆಂದರೆ ಮೂರು ಫೇಸಿನ ಮೋಟಾರುಗಳು, ತೌಡು ಮತ್ತು ಹೊಟ್ಟಿನ ದೂಳು. ಮೋಟಾರು ಶುರುವಾಗುವಾಗ ಎಳೆಯುವ ಹೆಚ್ಚಿನ ಕರೆಂಟು, ಮೂರೂ ಫೇಸ್‌ಗಳ ಮೇಲೆ ಹೊರೆಯ ಸಮ ಹಂಚಿಕೆ, ದೂಳು ನುಗ್ಗದ ಸ್ವಿಚ್ ಪೆಟ್ಟಿಗೆ ಇವು ಅಲ್ಲಿನ ನಕ್ಷೆಯ ಮುಖ್ಯ ಅಂಶಗಳು. ಹುಣಸೂರಿನ ಮರದ ಮಿಲ್ಲುಗಳಿಗೂ ಇದೇ ಮಾತು ಅನ್ವಯ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟಿಯನ್ ವಸತಿಯ ಪ್ರಾರ್ಥನಾ ಮಂದಿರಗಳು, ಊರೂರಿನ ಕಲ್ಯಾಣ ಮಂಟಪಗಳು ಜನ ಸೇರುವ ದೊಡ್ಡ ಜಾಗಗಳು. ಹೊರಹೋಗುವ ದಾರಿಯ ತುರ್ತು ದೀಪ, ಅಲಂಕಾರದ ದೀಪಗಳಿಗೆ ಬೇರೆ ಡಿಬಿ, ಜನರೇಟರಿನ ಬದಲಿ ವ್ಯವಸ್ಥೆ ಅಂಥ ಕಡೆ ಬೇಕು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಮತ್ತು ನಾಗರಹೊಳೆಯ ಸುತ್ತ ಆನೆ ತಡೆಯುವ ಸೋಲಾರ್ ಬೇಲಿಗಳಿವೆ. ಬೇಲಿಯ ಅರ್ಥ್ ಮನೆಯ ಅರ್ಥ್‌ನಿಂದ ಪ್ರತ್ಯೇಕವಾಗಿರಬೇಕು. ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಡುವುದು ಅಪರಾಧವೂ ಹೌದು, ಕೊಲೆಗಡುಕತನವೂ ಹೌದು.

ಬಡವರ ಮನೆಗೆ ಒಂದೇ ದೀಪ ಕೊಟ್ಟ ಭಾಗ್ಯಜ್ಯೋತಿಯ ಕಾಲದಿಂದ ಉಚಿತ ವಿದ್ಯುತ್ ಕೊಡುವ, 2023ರಲ್ಲಿ ಬಂದ ಗೃಹಜ್ಯೋತಿಯ ಕಾಲಕ್ಕೆ ಹಳ್ಳಿಯ ಮನೆಯ ಬಳಕೆ ಬಹಳ ಬೆಳೆದಿದೆ. ಒಂದು ದೀಪಕ್ಕೆ ಹಾಕಿದ್ದ ವೈರಿನಲ್ಲೇ ಫ್ರಿಜ್, ಮಿಕ್ಸಿ, ಹೀಟರ್ ನಡೆಸುವ ಮನೆಗಳಿಗೆ ಹೊಸದಾಗಿ ಹೊರೆಯ ಲೆಕ್ಕ ಮಾಡಿ ಮರುವೈರಿಂಗ್ ನಕ್ಷೆ ಬರೆಯುವುದೇ ದೊಡ್ಡ ಕೆಲಸ. 2024ರಲ್ಲಿ ತಾರಸಿ ಸೋಲಾರಿಗಾಗಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಬಂದ ಮೇಲೆ ತಾರಸಿಯಿಂದ ಮೀಟರಿನವರೆಗೆ ಸೋಲಾರ್ ಕೇಬಲ್ಲಿಗೆ ಖಾಲಿ ಪೈಪು ಬಿಡುವುದನ್ನೂ ಹೊಸ ಮನೆಯ ನಕ್ಷೆಯಲ್ಲಿ ಸೇರಿಸಬೇಕು.

ಉಪಕರಣಗಳು

ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಮಿನಿ ಡ್ರಾಫ್ಟರ್, ಟ್ರೇಸಿಂಗ್ ಹಾಳೆ, ಅಮೋನಿಯಾ ಪ್ರಿಂಟ್ ಇವು ಒಂದು ತಲೆಮಾರಿನ ಸಲಕರಣೆ. 1982ರಲ್ಲಿ ಬಂದ ಆಟೋಕ್ಯಾಡ್ ನಿಧಾನವಾಗಿ ಅವುಗಳ ಜಾಗ ಹಿಡಿಯಿತು. ಕ್ಯಾಡ್‌ನಲ್ಲಿ ಲೇಯರ್‌ಗಳ ಬಳಕೆ ಮೊದಲ ಪಾಠ: ಸಿವಿಲ್ ಗೆರೆ ಒಂದರಲ್ಲಿ, ದೀಪ ಒಂದರಲ್ಲಿ, ಪವರ್ ಒಂದರಲ್ಲಿ, ಪೈಪು ಒಂದರಲ್ಲಿ ಇಟ್ಟರೆ ಬೇಕಾದ್ದನ್ನು ಮಾತ್ರ ತೆರೆದು ಮುದ್ರಿಸಬಹುದು. ಚಿಹ್ನೆಗಳನ್ನು ಬ್ಲಾಕ್‌ಗಳಾಗಿ ಮಾಡಿಟ್ಟುಕೊಂಡರೆ ಪಾಯಿಂಟುಗಳ ಎಣಿಕೆಯೂ ಸಾಮಾನಿನ ಪಟ್ಟಿಯೂ ಸುಲಭವಾಗುತ್ತವೆ.

ದೊಡ್ಡ ಯೋಜನೆಗಳಲ್ಲಿ ರೆವಿಟ್‌ನಂಥ ಮೂರು ಆಯಾಮದ ತಂತ್ರಾಂಶ ಬಳಕೆಯಲ್ಲಿದೆ. ವಿದ್ಯುತ್ ಪೈಪು, ನೀರಿನ ಪೈಪು, ಎಸಿ ನಾಳ, ತೊಲೆ ಒಂದಕ್ಕೊಂದು ಎಲ್ಲಿ ಅಡ್ಡ ಬರುತ್ತವೆ ಎಂಬುದು ಕಟ್ಟುವ ಮೊದಲೇ ಗೊತ್ತಾಗುತ್ತದೆ. ಬೆಳಕಿನ ಲೆಕ್ಕಕ್ಕೆ ಡಯಲಕ್ಸ್ ಇದೆ. ಹಣ ಕೊಡಲಾಗದವರಿಗೆ ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶಗಳಿವೆ; ವಿದ್ಯಾರ್ಥಿಗಳಿಗೆ ಆಟೋಕ್ಯಾಡ್ ಕೂಡ ಕಲಿಕೆಗಾಗಿ ಉಚಿತವಾಗಿ ಸಿಗುತ್ತದೆ. ಆದರೆ ತಂತ್ರಾಂಶ ಕಲಿತವರೆಲ್ಲ ನಕ್ಷೆಗಾರರಾಗುವುದಿಲ್ಲ. ಗೆರೆ ಎಳೆಯುವುದನ್ನು ಯಂತ್ರ ಮಾಡುತ್ತದೆ. ಎಲ್ಲಿ ಎಳೆಯಬೇಕೆಂಬುದನ್ನು ಸೈಟಿನ ಅನುಭವ ಹೇಳಬೇಕು.

ಕಲಿಕೆಯ ಹಾದಿ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐ ಹತ್ತಿರದ ದಾರಿ. ಎಲೆಕ್ಟ್ರಿಷಿಯನ್, ವೈರ್‌ಮನ್, ಡ್ರಾಫ್ಟ್ಸ್‌ಮನ್ ಸಿವಿಲ್ ಎಂಬ ಎರಡು ವರ್ಷದ ವೃತ್ತಿಗಳಿವೆ. ಎಲೆಕ್ಟ್ರಿಷಿಯನ್ ಕಲಿತವರಿಗೆ ವಿದ್ಯುತ್ ಗೊತ್ತು, ಕಟ್ಟಡದ ನಕ್ಷೆ ಅಷ್ಟಾಗಿ ಗೊತ್ತಿಲ್ಲ. ಸಿವಿಲ್ ಡ್ರಾಫ್ಟ್ಸ್‌ಮನ್‌ಗೆ ಕಟ್ಟಡ ಗೊತ್ತು, ವಿದ್ಯುತ್ ಗೊತ್ತಿಲ್ಲ. ಕಟ್ಟಡದ ವಿದ್ಯುತ್ ನಕ್ಷೆ ಈ ಎರಡರ ನಡುವೆ ಅನಾಥವಾಗಿ ಉಳಿದಿದೆ. ಎರಡರಲ್ಲಿ ಒಂದನ್ನು ಮುಗಿಸಿ ಇನ್ನೊಂದರ ಮೂಲಪಾಠ ಸೇರಿಸಿಕೊಂಡವರಿಗೆ ಬೆಲೆ ಬರುವುದು ಈ ಕಾರಣಕ್ಕೆ. ಐಟಿಐ ಪುಸ್ತಕಗಳನ್ನು ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಸಿದ್ಧಪಡಿಸುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು.

ಐಟಿಐ ಮುಗಿಸಿದವರು ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ. ಎಂಜಿನಿಯರಿಂಗ್ ಮಟ್ಟದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿದ್ಯುತ್ ನಕ್ಷೆಯ ವಿಷಯ ಇತ್ತಾದರೂ ಅದರಲ್ಲಿ ಯಂತ್ರಗಳ ಸುರುಳಿ ಮತ್ತು ಉಪಕೇಂದ್ರದ ಚಿತ್ರಗಳಿಗೇ ಒತ್ತು. ಮನೆ, ಮಳಿಗೆಯ ವೈರಿಂಗ್ ನಕ್ಷೆ ಪಕ್ಕಕ್ಕೆ ಸರಿದಿತ್ತು. ಮೈಸೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಕ್ಯಾಡ್ ಕಲಿಯಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಗೆ ಮೈಸೂರಿನಲ್ಲೂ ಕೇಂದ್ರವಿದೆ; ಗ್ರಾಮೀಣ ಯುವಕರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುವುದು ಅದರ ಪದ್ಧತಿ. ನಕ್ಷೆಯ ಕೆಲಸ ಭಾರ ಎತ್ತುವುದನ್ನೂ ಏಣಿ ಹತ್ತುವುದನ್ನೂ ಬೇಡದ ಕೆಲಸ. ಹೆಣ್ಣುಮಕ್ಕಳಿಗೆ ಊರಿನಲ್ಲೇ ಇದ್ದು ದುಡಿಯಲು, ವಿಶೇಷಚೇತನರಿಗೆ ಸಮಾನವಾಗಿ ನಿಲ್ಲಲು ಇದು ಅನುಕೂಲ. ಮೈಸೂರಿನಲ್ಲಿ 1991ರಿಂದ ನಡೆಯುತ್ತಿರುವ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ ಆ ದಿಕ್ಕಿನಲ್ಲಿ ತಾಂತ್ರಿಕ ಶಿಕ್ಷಣದ ಬಾಗಿಲು ತೆರೆದಿದೆ.

ಸಂಸ್ಥೆ ಯಾವುದೇ ಇರಲಿ, ಅಭ್ಯಾಸದ ಕ್ರಮ ಒಂದೇ. ಮೊದಲು ಸಿವಿಲ್ ಪ್ಲಾನ್ ಓದುವುದನ್ನು ಕಲಿಯಬೇಕು: ಬಾಗಿಲು ಯಾವ ಕಡೆ ತೆರೆಯುತ್ತದೆ, ತೊಲೆ ಎಲ್ಲಿದೆ, ಲಿಂಟಲ್ ಎಷ್ಟು ಎತ್ತರ. ಬಾಗಿಲ ಹಿಂದೆ ಸ್ವಿಚ್ ಬೋರ್ಡ್ ಬರುವ ತಪ್ಪು ಇದನ್ನು ಓದಲಾರದವರಿಂದಲೇ ಆಗುತ್ತದೆ. ಎರಡನೆಯದಾಗಿ ತನ್ನದೇ ಮನೆಯನ್ನು ಟೇಪು ಹಿಡಿದು ಅಳೆದು, ಮೇನ್ ಆರಿಸಿ, ಯಾವ ಎಂಸಿಬಿಗೆ ಯಾವ ಪಾಯಿಂಟು ಸೇರಿದೆ ಎಂದು ಪಟ್ಟಿ ಮಾಡಿ ಏಕರೇಖಾ ಚಿತ್ರ ಬರೆಯಬೇಕು. ಮೂರನೆಯದಾಗಿ ಮೆಟ್ಟಿಲಿನ ಎರಡು ಕಡೆ ಸ್ವಿಚ್, ಸಂಪು ಮತ್ತು ತಾರಸಿ ಟ್ಯಾಂಕಿನ ಮೋಟಾರು ನಿಯಂತ್ರಣ, ಯುಪಿಎಸ್ ಲೈನ್ ಇವುಗಳ ವೈರಿಂಗ್ ಚಿತ್ರ ಬರೆಯಬೇಕು. ಆಮೇಲೆ ಹೊರೆ, ವೈರು, ಪೈಪುಗಳ ಲೆಕ್ಕ. ಕೊನೆಗೆ ಅನುಭವಿ ವೈರ್‌ಮನ್ ಜೊತೆ ಕನಿಷ್ಠ ಒಂದು ಮನೆಯನ್ನು ಮೋಲ್ಡ್ ಹಾಕುವುದರಿಂದ ವೈರಿನ ಹೊದಿಕೆಯ ಪ್ರತಿರೋಧ ಅಳೆಯುವ ಮೆಗ್ಗರ್ ಹಿಡಿದು ಪರೀಕ್ಷಿಸುವವರೆಗೆ ನೋಡಿ, ಅಂತಿಮ ನಕ್ಷೆ ಬರೆಯಬೇಕು.

ಉದ್ಯೋಗ ಮತ್ತು ಕೊರತೆ

ಈ ಕೌಶಲವಿದ್ದವರಿಗೆ ವಿದ್ಯುತ್ ಗುತ್ತಿಗೆದಾರರಲ್ಲಿ, ವಾಸ್ತುಶಿಲ್ಪಿಗಳ ಮತ್ತು ಸಲಹೆಗಾರ ಎಂಜಿನಿಯರರ ಕಚೇರಿಗಳಲ್ಲಿ, ಸೋಲಾರ್ ಕಂಪನಿಗಳಲ್ಲಿ ಕೆಲಸವಿದೆ. ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ ಬೆಂಗಳೂರಿನ ಕಟ್ಟಡದ ನಕ್ಷೆಯನ್ನು ಹುಣಸೂರಿನಲ್ಲಿ ಕುಳಿತು ಬರೆಯಬಹುದು. ಊರಿನಲ್ಲೇ ಸಿವಿಲ್ ಪ್ಲಾನ್ ಬರೆಯುವವರ ಜೊತೆ ಸೇರಿ ಪ್ರತಿ ಪ್ಲಾನಿಗೂ ವಿದ್ಯುತ್ ಹಾಳೆ ಸೇರಿಸಿಕೊಡುವ ಸೇವೆಗೂ ಅವಕಾಶ ಇದೆ.

ಕೊರತೆಗಳು ಸ್ಪಷ್ಟ. ಕಟ್ಟಡದ ವಿದ್ಯುತ್ ನಕ್ಷೆಗೆಂದೇ ಮೀಸಲಾದ ಐಟಿಐ ವೃತ್ತಿ ವ್ಯಾಪಕವಾಗಿ ಇಲ್ಲ. ಕನ್ನಡದಲ್ಲಿ ಪಾಠ ಮತ್ತು ಮಾದರಿ ನಕ್ಷೆಗಳು ಸಾಲದು. ಮನೆ ಕಟ್ಟುವವರು ಗ್ರಾನೈಟು, ಬಣ್ಣಕ್ಕೆ ಖರ್ಚು ಮಾಡುವಷ್ಟು ಮನಸ್ಸಿನಿಂದ ವಿದ್ಯುತ್ ನಕ್ಷೆಗೆ ಖರ್ಚು ಮಾಡುವುದಿಲ್ಲ.

ಮೂರು ಕೆಲಸಗಳಿಂದ ಈ ಸ್ಥಿತಿ ಬದಲಾಗಬಲ್ಲದು. ಐಟಿಐ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯಿಂದ ಒಂದು ಪೂರ್ಣ ಮನೆಯ ನಕ್ಷೆ ಬರೆಸಬೇಕು. ಪಂಚಾಯಿತಿ ಮತ್ತು ಪುರಸಭೆಗಳು ಕಟ್ಟಡ ಪರವಾನಗಿಯ ಅರ್ಜಿಯೊಂದಿಗೆ ವಿದ್ಯುತ್ ಹಾಳೆಯನ್ನೂ ಕೇಳಬೇಕು. ಮನೆ ಕಟ್ಟಿಸುವವರು ತಾರಸಿಗೆ ಕಾಂಕ್ರೀಟು ಹಾಕುವ ಮೊದಲು ಕಾಂಡ್ಯೂಟ್ ನಕ್ಷೆಯನ್ನು ಕೈಯಲ್ಲಿ ಹಿಡಿದು ಪೈಪುಗಳನ್ನು ಎಣಿಸಬೇಕು; ಕೆಲಸ ಮುಗಿದ ಮೇಲೆ ಅಂತಿಮ ನಕ್ಷೆಯ ಒಂದು ಪ್ರತಿಯನ್ನು ಡಿಬಿಯ ಬಾಗಿಲಿನ ಒಳಗೆ ಅಂಟಿಸಿ, ಇನ್ನೊಂದನ್ನು ವಿದ್ಯುತ್ ಸಂಪರ್ಕದ ಆರ್.ಆರ್. ನಂಬರಿನ ಕಾಗದಗಳ ಜೊತೆ ಮನೆಯ ದಾಖಲೆಯಲ್ಲಿ ಇಡಬೇಕು.